ಶೀಷೆಯ ಹಣೆಗೆ ಕುಂಕುಮ

ಸಿಟ್ಟಿಗೂ ಒಂದು ವಿಳಾಸ ಬೇಕಾಗುತ್ತದೆ. ವಿಳಾಸವಿಲ್ಲದ ಸಿಟ್ಟು ಹೊಟ್ಟೆಯಲ್ಲೇ ತಿರುಗಿ ತಿರುಗಿ ಹುಳಿತೇಗಾಗಿ ಹೊರಗೆ ಬರುತ್ತದೆ. ಆದ್ದರಿಂದ ನಾನು ಬೆಳಿಗ್ಗೆ ಎದ್ದವಳೇ ಅಂದಿನ ಸಿಟ್ಟಿಗೆ ಒಂದು ಹೆಸರು ಹುಡುಕಿಕೊಂಡು ಆಮೇಲೆ ಹಲ್ಲುಜ್ಜುತ್ತೇನೆ. ನಲ್ಲಿ ಬಾರದಿದ್ದರೆ ನಲ್ಲಿಯ ಮೇಲೆ, ಬಂದರೆ ಅದು ಬಂದ ಹೊತ್ತಿನ ಮೇಲೆ. ಏನೂ ಸಿಗದ ದಿನ ಗಂಡ ಮಡಚದೆ ಬಿಟ್ಟ ಪೇಪರು ಇದ್ದೇ ಇದೆ. ಇದನ್ನು ದುರ್ಗುಣ ಅನ್ನುವವರು ಅನ್ನಲಿ. ಇಪ್ಪತ್ತೆರಡು ವರ್ಷ ಒಂದೇ ಪ್ರಯೋಗಾಲಯದಲ್ಲಿ ಬೇರೆಯವರ ರಕ್ತ ನೋಡುತ್ತ ಕೂತವಳಿಗೆ ತನ್ನ ರಕ್ತ ಕುದಿಸಿಕೊಳ್ಳುವ ಹಕ್ಕಾದರೂ ಇರಬೇಕು. ಈಗ ಇದನ್ನು ಬರೆಯುತ್ತಿರುವುದೂ ಸಿಟ್ಟಿನಲ್ಲೇ. ಯಾರ ಮೇಲೆ ಎಂದು ಆರಂಭದಲ್ಲೇ ಹೇಳಿಬಿಡುವ ಧೈರ್ಯ ನನಗಿಲ್ಲ. ಈ ಕಥೆಯನ್ನು ಈಗಾಗಲೇ ಮೂರು ಕಡೆ ಮೂರು ತರಹ ಹೇಳಿದ್ದೇನೆ. ಮನೆಯಲ್ಲಿ ಒಂದು, ಚಹಾದ ಅಂಗಡಿಯಲ್ಲಿ ಒಂದು, ಡಾಕ್ಟರ್ ಮೇಡಂ ಮುಂದೆ ಒಂದು. ಮೂರೂ ಸಲ ನನಗೆ ಎಲ್ಲವೂ ಸ್ಪಷ್ಟವಾಗಿ ನೆನಪಿತ್ತು. ಅದಕ್ಕೇ ನನಗೆ ಅನುಮಾನ. ನಿಜವಾಗಿ ನಡೆದದ್ದು ಅಷ್ಟು ಅಚ್ಚುಕಟ್ಟಾಗಿ ನೆನಪಿರುವುದಿಲ್ಲ.

ನನ್ನ ಕೆಲಸ ಏನೆಂದು ಕೇಳುವವರ ಮೇಲೂ ನನಗೆ ಸಿಟ್ಟಿದೆ, ಏಕೆಂದರೆ ಅವರು ಉತ್ತರ ಮುಗಿಯುವ ತನಕ ನಿಲ್ಲುವುದಿಲ್ಲ. ನೀವು ಓದುವವರು, ಸಿಕ್ಕಿಬಿದ್ದಿದ್ದೀರಿ, ಕೇಳಿ. ರಕ್ತದಲ್ಲಿ ರೋಗದ ಜೊತೆ ಗುದ್ದಾಡುವ ಬಿಳಿ ಕಣಗಳಿರುತ್ತವೆ. ಸೂಕ್ಷ್ಮದರ್ಶಕದಲ್ಲಿ ಅವು ಬಹುಮಟ್ಟಿಗೆ ಒಂದೇ ತರಹ ಕಾಣುತ್ತವೆ, ಸಮವಸ್ತ್ರ ತೊಟ್ಟ ಶಾಲೆಯ ಮಕ್ಕಳ ಹಾಗೆ. ಆದರೆ ಒಂದೊಂದು ಬಗೆಯ ಕಣ ತನ್ನ ಮೈಮೇಲೆ ತನ್ನದೇ ಗುರುತು ಹೊತ್ತಿರುತ್ತದೆ. ಆ ಗುರುತನ್ನಷ್ಟೇ ಹುಡುಕಿ ಹೋಗಿ ಅಂಟಿಕೊಳ್ಳುವ ಪ್ರತಿಕಾಯವೊಂದನ್ನು ತಯಾರಿಸಿ, ಅದರ ಬೆನ್ನಿಗೆ ಹೊಳೆಯುವ ಬಣ್ಣ ಕಟ್ಟಿ, ಹೆಬ್ಬೆರಳಿನಷ್ಟು ಶೀಷೆಯಲ್ಲಿ ತುಂಬಿ ನಮಗೆ ಕಳಿಸುತ್ತಾರೆ. ರಕ್ತಕ್ಕೆ ಅದರ ಹನಿ ಸೇರಿಸಿ ಯಂತ್ರಕ್ಕೆ ಕೊಟ್ಟರೆ, ಕಣಗಳು ಲೇಸರ್ ಕಿರಣದ ಮುಂದೆ ಒಂದೊಂದಾಗಿ ಹಾಯ್ದು ಹೋಗುತ್ತವೆ. ಬಣ್ಣ ಅಂಟಿಸಿಕೊಂಡ ಕಣ ಮಿನುಗುತ್ತದೆ. ಕಂಪ್ಯೂಟರ್ ಪರದೆಯ ಮೇಲೆ ಚುಕ್ಕಿಗಳ ಸಣ್ಣ ಮೋಡ ಏಳುತ್ತದೆ. ಮೋಡ ಎದ್ದ ಮೂಲೆ ನೋಡಿ ಇದು ಇಂಥ ಕಣ ಎಂದು ನಾನು ಹೇಳುತ್ತೇನೆ. ಇಷ್ಟೇ ನನ್ನ ವಿದ್ಯೆ. ಇಷ್ಟಕ್ಕಾಗಿ ಯಾವುದೋ ಇಲಿಯ ಜೀವಕಣ, ಯಾವುದೋ ಸಮುದ್ರದ ಕೆಂಪು ಪಾಚಿಯ ಬಣ್ಣ, ಎಲ್ಲ ಸೇರಿ ಸಮುದ್ರವೇ ಇಲ್ಲದ ವಿಜಯಪುರಕ್ಕೆ ಬರುತ್ತವೆ. ಬಂದು ನಮ್ಮ ಕೈಗೆ ಸಿಗುತ್ತವೆ.

ಈ ಶೀಷೆಯ ಗುಣ ಹಳೆಯ ಕಾಲದ ಸಂಸ್ಥಾನದ ರಾಣಿಯದು. ತಂಪಿನಲ್ಲಿರಬೇಕು, ಆದರೆ ಬರ್ಫಾಗಬಾರದು. ಮುಖ್ಯವಾಗಿ ಬೆಳಕು ಬೀಳಬಾರದು. ಬಿದ್ದರೆ ಬೆನ್ನಿಗೆ ಕಟ್ಟಿದ ಬಣ್ಣ ಬಿಳಿಚಿಕೊಂಡು ಸಾಯುತ್ತದೆ. ಸತ್ತದ್ದು ನೋಡುವವರಿಗೆ ಗೊತ್ತೂ ಆಗುವುದಿಲ್ಲ. ಹಾಲು ಕೆಟ್ಟರೆ ವಾಸನೆ ಬರುತ್ತದೆ, ರೊಟ್ಟಿ ಕೆಟ್ಟರೆ ಬೂಸ್ಟು ಹಿಡಿಯುತ್ತದೆ. ಇದು ಕೆಟ್ಟರೆ ಸುಮ್ಮನಿರುತ್ತದೆ. ಹಾಗಾಗಿ ಪ್ರತಿ ಶೀಷೆಗೂ ನಾನೇ ಬೆಳ್ಳಿಯ ಬಣ್ಣದ ಅಡಿಗೆಯ ಹಾಳೆಯನ್ನು ಮೂರು ಸುತ್ತು ಸುತ್ತಿ, ಫ್ರಿಜ್ಜಿನ ಹಿಂದಿನ ಮೂಲೆಯಲ್ಲಿಟ್ಟು, ಬಾಗಿಲಿನ ಮೇಲೆ 'ನನ್ನ ಹೊರತು ಯಾರೂ ಮುಟ್ಟಬಾರದು' ಎಂದು ಕೆಂಪು ಮಸಿಯಲ್ಲಿ ಬರೆದು ಅಂಟಿಸಿದ್ದೇನೆ. ಈ ವಾಕ್ಯವನ್ನು ನೆನಪಿಡಿ. ನನಗೆ ಆಮೇಲೆ ಇದರಿಂದ ಬಹಳ ತೊಂದರೆಯಾಯಿತು.

ಮನೆಯಲ್ಲೂ ನನ್ನ ಕೆಲಸಕ್ಕೆ ಮರ್ಯಾದೆ ಅಷ್ಟಕ್ಕಷ್ಟೆ. ನಮ್ಮ ಮನೆ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ. ಅತ್ತೆ ಬಬಲೇಶ್ವರದ ಕಡೆಯವರು, ಗಟ್ಟಿ ಜೀವ. ಅವರ ಪ್ರಕಾರ ನನಗೆ ಮೈಯಲ್ಲಿ ಕಸುವೇ ಇಲ್ಲ. ನಾನು ಒಂದು ಸೀನು ಸೀನಿದರೆ ಸಾಕು, "ರಕ್ತ ನೋಡಿ ನೋಡಿ ಇದರ ರಕ್ತ ನೀರಾಗೈತಿ" ಅನ್ನುತ್ತಾರೆ. ನವರಾತ್ರಿ ಬಂತೆಂದರೆ ಗುಡಿಯ ಮುಂದಿನ ಅಂಗಡಿಗೆ ಎಳೆದೊಯ್ದು ಎರಡೂ ಕೈಗೆ ಡಜನ್ ಹಸಿರು ಗಾಜಿನ ಬಳೆ ಹಾಕಿಸುತ್ತಾರೆ. ಪ್ರಯೋಗಾಲಯದಲ್ಲಿ ಬಳೆ ಹಾಕಬಾರದೆಂಬ ನಿಯಮವಿದೆ, ಕೈಗವಸು ಹರಿಯುತ್ತವೆ ಎಂದು ನಾನು ಪ್ರತಿ ವರ್ಷ ಹೇಳುತ್ತೇನೆ. "ಗವಸ ಹರದ್ರ ಹೊಲಿಗಿ ಹಾಕ್ಕೋ, ಮುತ್ತೈದಿ ಕೈ ಬರಿದು ಇರಬಾರದು" ಎಂದು ಅವರು ಪ್ರತಿ ವರ್ಷ ಹೇಳುತ್ತಾರೆ. ಸಿಟ್ಟಿನಲ್ಲಿ ಹಾಕಿಸಿಕೊಂಡು ಬರುತ್ತೇನೆ.

ಈಗ ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ ವಿಷಯ. ನಮ್ಮ ಕಡೆ ಮಹಾನವಮಿಗೆ ಕುಡುಗೋಲಿನಿಂದ ಹಿಡಿದು ಲಾರಿಯ ತನಕ ದುಡಿಯುವ ಎಲ್ಲ ಸಾಮಾನಿಗೂ ಪೂಜೆ. ಆಸ್ಪತ್ರೆಯಲ್ಲೂ ಅಂದು ಪ್ರತಿ ವಿಭಾಗ ತನ್ನ ಯಂತ್ರಗಳಿಗೆ ಹೂ, ವಿಭೂತಿ, ಕುಂಕುಮ ಏರಿಸುತ್ತದೆ. ಪೂಜೆಗೆ ಇಟ್ಟದ್ದನ್ನು ಮರುದಿನ ಬನ್ನಿ ಮುಡಿಯುವ ತನಕ ಅಲುಗಾಡಿಸುವ ಹಾಗಿಲ್ಲ. ಕಳೆದ ವರ್ಷ ನಾನು ಕೆಲಸದ ಗಡಿಬಿಡಿಯಲ್ಲಿ ನಮ್ಮ ಯಂತ್ರಕ್ಕೆ ಒಂದು ಹೂವನ್ನೂ ಏರಿಸಿರಲಿಲ್ಲ. ಪಕ್ಕದ ವಿಭಾಗದ ಹೆಣ್ಣುಮಗಳೊಬ್ಬಳು ತನ್ನ ಯಂತ್ರಕ್ಕೆ ಮೊಳಗಟ್ಟಲೆ ಚೆಂಡುಹೂವಿನ ಮಾಲೆ ಹಾಕಿ, ಊದಿನಕಡ್ಡಿ ಹಚ್ಚಿ, ಕೈಯಲ್ಲಿ ಪ್ರಸಾದದ ತಟ್ಟೆ ಹಿಡಿದು ನಮ್ಮ ಬಾಗಿಲಿಗೆ ಬಂದು ನಿಂತಳು. "ಏನ್ರೀ ಸುವರ್ಣಾ, ನಿಮ್ಮ ಮಷೀನ ಬೋಳ ಹಣಿ ಹೊತಗೊಂಡ ಕುಂತೈತಲ್ರಿ. ನೋಡಾಕs ಒಂಥರಾ ಆಗತೈತಿ" ಅಂದಳು. ಬಾಗಿಲಲ್ಲಿ ಇದ್ದವರೆಲ್ಲ ನಕ್ಕರು. ಎಲ್ಲರೂ ನಕ್ಕರು ಎಂದೇ ನನಗೆ ನೆನಪು. ಆ ಮಾತು ವರ್ಷವಿಡೀ ನನ್ನ ಹಲ್ಲಿನಲ್ಲಿ ಸಿಕ್ಕಿಕೊಂಡಿತ್ತು. ಕೋಟೆ ಗೆಲ್ಲಲು ಹೊರಟವರಿಗಿಂತ ಹೆಚ್ಚು ಸಿದ್ಧತೆ ಮಾಡಿಕೊಂಡು ನಾನು ಈ ವರ್ಷದ ನವಮಿಗೆ ಕಾದೆ. ನವಮಿಯ ಬೆಳಿಗ್ಗೆ ನಮ್ಮ ಯಂತ್ರ ಮದುಮಗಳ ಹಾಗಿತ್ತು. ಬಾಳೆಕಂಬ, ಹೂವಿನ ಮಾಲೆ, ಅದರ ಮುಂದೆ ಕಿಟಕಿಗೆ ಹತ್ತಿದ ಮೇಜಿನ ಮೇಲೆ ಹಿತ್ತಾಳೆಯ ತಟ್ಟೆಯಲ್ಲಿ ಪಿಪೆಟ್ಟು, ಸ್ಟ್ಯಾಂಡು, ಮತ್ತಿತರ ಸಾಮಾನು. ಪಕ್ಕದ ವಿಭಾಗದವಳು ಬಂದು ನೋಡಿ ಏನೂ ಅನ್ನದೆ ಹೋದಳು. ಆ ಮೌನ ನನಗೆ ಹೋಳಿಗೆ ಊಟದಷ್ಟು ರುಚಿಸಿತು. ಎರಡು ದಿನ ವಿಭಾಗಕ್ಕೆ ರಜೆ. ಬೀಗ ಹಾಕಿಕೊಂಡು ಮನೆಗೆ ಹೋದೆ. ಅಷ್ಟು ಮಾತ್ರ ಖಚಿತ.

ರಜೆ ಮುಗಿದ ದಿನ ಹತ್ತು ಗಂಟೆಗೆ ತಿಕೋಟಾದ ಗಂಗವ್ವನ ಮಾದರಿ ಬಂತು. ಐವತ್ತರ ಆಸುಪಾಸಿನ ಹೆಂಗಸು, ತಿಂಗಳಿಂದ ಜ್ವರ, ಮೈಮೇಲೆ ನೀಲಿ ಕಲೆ. ರಕ್ತದ ಕ್ಯಾನ್ಸರ್ ಎಂದು ಡಾಕ್ಟರ್ ಮೇಡಂಗೆ ಗೊತ್ತಾಗಿತ್ತು. ಯಾವ ಬಗೆಯದು ಎಂದು ಹೇಳಬೇಕಾದವಳು ನಾನು. ಕಣಗಳ ಎರಡು ಕುಲಗಳಲ್ಲಿ ಯಾವ ಕುಲ ಕೆಟ್ಟಿದೆ ಎನ್ನುವುದರ ಮೇಲೆ ಔಷಧಿ ನಿಂತಿತ್ತು. ಅದಕ್ಕಾಗಿ ಸೊಂಟದ ಎಲುಬಿಗೆ ದಪ್ಪ ಸೂಜಿ ಹಾಕಿ ಒಳಗಿನ ಮಜ್ಜೆ ತೆಗೆದಿದ್ದರು. ಸೂಜಿ ಹಾಕುವಾಗ ಆಕೆ ಗಂಡನ ಕೈ ಕಚ್ಚಿದ್ದಳಂತೆ. ಗಂಡ ಈರಪ್ಪ ಕೈಗೆ ಪಟ್ಟಿ ಕಟ್ಟಿಸಿಕೊಂಡು ನಮ್ಮ ಬಾಗಿಲ ಮುಂದಿನ ಬೆಂಚಿನ ಮೇಲೆ ಕೂತಿದ್ದ. ಗಂಗವ್ವ ಒಂದೇ ಮಾತು ಹೇಳಿ ಕಳಿಸಿದ್ದಳು: "ಇನ್ನೊಮ್ಮಿ ಚುಚ್ಚತೀನಿ ಅಂದ್ರ ನಾ ಹಂಗs ಎದ್ದು ಊರಿಗಿ ಹೊಕ್ಕೇನಿ. ಔಷಧ ಬ್ಯಾಡ, ಏನೂ ಬ್ಯಾಡ." ಮಜ್ಜೆ ಹೆಚ್ಚು ದಿನ ಉಳಿಯುವ ಪದಾರ್ಥವಲ್ಲ. ಮರುದಿನ ಮಧ್ಯಾಹ್ನದೊಳಗೆ ಪರೀಕ್ಷೆ ಆಗಬೇಕು, ಇಲ್ಲವಾದರೆ ಮತ್ತೆ ಸೂಜಿ. ಆಕೆಯ ಮಾತಿನ ಪ್ರಕಾರ ಮತ್ತೆ ಸೂಜಿಯೆಂದರೆ ಔಷಧಿಯೂ ಇಲ್ಲ, ಆಕೆಯೂ ಇಲ್ಲ.

ಕುಲಕ್ಕೊಂದರಂತೆ ಎರಡು ಶೀಷೆಯಿಂದ ಹನಿ ಹಾಕಿದೆ, ಕತ್ತಲಲ್ಲಿಟ್ಟೆ, ಯಂತ್ರಕ್ಕೆ ಕೊಟ್ಟೆ. ಒಂದನೆಯ ಕುಲದ ಗುರುತು ಇಲ್ಲ. ಸರಿ, ಹಾಗಾದರೆ ಎರಡನೆಯದು ಇರಬೇಕು. ಎರಡನೆಯದೂ ಇಲ್ಲ. ಪರದೆ ಬಿಜ್ಜರಗಿಯ ಬೇಸಿಗೆಯ ಆಕಾಶದ ಹಾಗೆ ಖಾಲಿ. ಎರಡೂ ಕುಲಕ್ಕೆ ಸೇರದ ಕಣ ಅಪರೂಪಕ್ಕೆ ಇರುತ್ತದೆ, ಹಾಗೆಂದು ವರದಿ ಬರೆದಿದ್ದರೆ ಗಂಗವ್ವನಿಗೆ ತಪ್ಪು ಔಷಧಿಯ ದಾರಿ ತೆರೆಯುತ್ತಿತ್ತು. ಪೆನ್ನು ಕೈಯಲ್ಲಿ ಹಿಡಿದಿದ್ದೆ ಕೂಡ. ಆದರೆ ಈ ಎರಡನೆಯ ಶೀಷೆಯ ಮೌನ ನನಗೆ ಸೇರಲಿಲ್ಲ. ನಿಯಮದ ಪ್ರಕಾರ ಇಂಥ ಹೊತ್ತಿನಲ್ಲಿ ಆರೋಗ್ಯವಂತರ ರಕ್ತವನ್ನು ಪಕ್ಕದಲ್ಲಿಟ್ಟು ನೋಡಬೇಕು. ನಿಜವಾದ ನಿಯಮ ಅದನ್ನು ಬೆಳಿಗ್ಗೆ ಮೊದಲೇ ಮಾಡಬೇಕು ಅನ್ನುತ್ತದೆ, ಆ ಜಗಳ ಈಗ ಬೇಡ. ಆರೋಗ್ಯವಂತರನ್ನು ಹುಡುಕಲು ಪುರಸೊತ್ತಿಲ್ಲದಾಗ ನಮ್ಮಲ್ಲಿ ಇದ್ದವರೇ ತೋಳು ಒಡ್ಡುತ್ತೇವೆ. ನನ್ನ ರಕ್ತವನ್ನೇ ತೆಗೆಸಿ ಹಾಕಿದೆ. ಒಂದನೆಯ ಕುಲ ಚೆನ್ನಾಗಿ ಮಿನುಗಿತು. ಎರಡನೆಯದು, ಅಂದರೆ ಮೈಯೊಳಗೆ ಪ್ರತಿಕಾಯ ತಯಾರಿಸುವ ಕುಲ, ಒಂದೂ ಇಲ್ಲ. ಸೊನ್ನೆ.

ನಗಬೇಡಿ. ಆ ಐದು ನಿಮಿಷ ನಾನು ಸತ್ತಿದ್ದೆ. ಇಪ್ಪತ್ತೆರಡು ವರ್ಷದ ಅನುಭವ ಎಲ್ಲಿಗೆ ಹೋಯಿತೋ, ಶೀಷೆ ಕೆಟ್ಟಿದೆ ಎಂಬ ಸರಳ ಮಾತು ತಲೆಗೆ ಬರಲಿಲ್ಲ. ಬಂದದ್ದು ಅತ್ತೆಯ ಮಾತು. ಇದರ ರಕ್ತ ನೀರಾಗೈತಿ. ಹೌದು, ಮಳೆಗಾಲದಲ್ಲಿ ಮೂರು ಸಲ ನೆಗಡಿ ಬಂದಿತ್ತು. ಕಳೆದ ತಿಂಗಳು ಉಗುರುಸುತ್ತು. ಅರ್ಧ ಸೈನ್ಯವೇ ಇಲ್ಲದೆ ಇಷ್ಟು ವರ್ಷ ಬದುಕಿದೆನಲ್ಲ ಎಂದು ನನ್ನ ಮೇಲೆ ನನಗೇ ಮರುಕ, ಮರುಕದ ಹಿಂದೆಯೇ ಸಿಟ್ಟು. ಇಷ್ಟು ದಿನ ಅತ್ತೆಯ ಮಾತು ಸುಳ್ಳಾಗಿತ್ತು, ಈಗ ಅದೂ ನಿಜವಾಯಿತು ಎಂಬುದೇ ಸಾವಿಗಿಂತ ಹೆಚ್ಚು ಉರಿಸಿತು. ಅಷ್ಟರಲ್ಲಿ ನಮ್ಮ ಸಹಾಯಕ ಮಲ್ಲಪ್ಪ ಒಳಗೆ ಬಂದ. ಇಟ್ಟಂಗಿಹಾಳದವನು, ಜಟ್ಟಿಯಂಥ ಮೈ, ನೆಗಡಿ ಎಂದರೆ ಏನೆಂದು ಕೇಳುವವನು.

"ಮಲ್ಲಪ್ಪಾ, ತೋಳ ಕೊಡು" ಅಂದೆ.

"ಯಾಕ್ರೀ ಮೇಡಮ್ಮಾರ, ಕುಸ್ತಿ ಐತೇನ್ರಿ?"

"ರಕ್ತ ಬೇಕು. ಮಾತ ಬ್ಯಾಡ."

ಅವನ ರಕ್ತದಲ್ಲೂ ಸೊನ್ನೆ. ಪರದೆಯನ್ನು ಅವನೂ ಬಗ್ಗಿ ನೋಡಿದ. ನನ್ನ ಜೊತೆ ಇದ್ದು ಇದ್ದು ಖಾಲಿ ಮೂಲೆಯ ಅರ್ಥ ಅವನಿಗೂ ಗೊತ್ತಿತ್ತು. ಮುಖ ಸಣ್ಣದಾಯಿತು. "ಮೇಡಮ್ಮಾರ, ನಾ ಸತ್ತೇನೇನ್ರಿ?"

"ಇಬ್ಬರೂ ಸತ್ತೇವಿ" ಅಂದೆ.

"ಹಂಗಾದ್ರ ಚಾ ತರ್ಲ್ಯಾ?" ಅಂದ ಅವನು.

ಇಬ್ಬರು ಒಂದೇ ದಿನ ಸಾಯುವುದು ಹೊಂದಿಕೆಯಾಗದೆ ಆಗ ನನಗೆ ಎಚ್ಚರವಾಯಿತು. ಶೀಷೆಯನ್ನು ತೆಗೆದು ಸುತ್ತಿದ ಹಾಳೆಯನ್ನು ಬಿಚ್ಚಿದೆ. ಹಾಳೆಯ ಸುತ್ತು ನನ್ನದಾಗಿರಲಿಲ್ಲ. ನಾನು ಬಲಕ್ಕೆ ಸುತ್ತುತ್ತೇನೆ, ಇದು ಎಡಕ್ಕಿತ್ತು. ಒಳಗೆ ಶೀಷೆಯ ಹೊಟ್ಟೆಯ ಮೇಲೆ, ಕಂಪನಿಯ ಚೀಟಿಗೆ ಸರಿಯಾಗಿ ನಡುವೆ, ದುಂಡಗೆ ಒಣಗಿದ ಕುಂಕುಮದ ಬೊಟ್ಟು. ಪೂಜೆ! ಎರಡು ದಿನ, ಪಡುವಣ ಕಿಟಕಿ, ವಿಜಯಪುರದ ಬಿಸಿಲು. ಸಮುದ್ರದ ಪಾಚಿ ಹಿತ್ತಾಳೆಯ ತಟ್ಟೆಯಲ್ಲಿ ಸಂಡಿಗೆಯ ಹಾಗೆ ಒಣಗಿತ್ತು.

ಆಗ ನನಗೆ ನೆನಪಾಯಿತು. ಎಷ್ಟು ಸ್ಪಷ್ಟವಾಗಿ ನೆನಪಾಯಿತೆಂದರೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಬಗ್ಗಿದ ಹೆಂಗಸಿನ ಕೈ, ಉಂಗುರದ ಬೆರಳ ತುದಿಯಲ್ಲಿ ಕುಂಕುಮ, ಶೀಷೆಯ ಮೇಲೆ ಆ ಬೆರಳು ಒತ್ತಿದಾಗ ಬಳೆಗಳು ತಟ್ಟೆಗೆ ತಾಗಿ ಆದ ಸಣ್ಣ ಸದ್ದು. ನಮ್ಮ ವಿಭಾಗದಲ್ಲಿ ಹೆಂಗಸರು ಇಬ್ಬರೇ. ಒಬ್ಬಳು ನಾನು. ಇನ್ನೊಬ್ಬಳು ಭೂತನಾಳದಿಂದ ಬೆಳಗಿನ ಬಸ್ಸಿಗೆ ಬಂದು ನೆಲ ಒರೆಸಿ, ಸಾಮಾನು ತೊಳೆದಿಟ್ಟು, ಹನ್ನೊಂದಕ್ಕೆ ಹೋಗುವ ಶಾಂತವ್ವ. ಅಂದು ಬೆಳಿಗ್ಗೆ ಪೂಜೆಯ ಸಾಮಾನು ತೆಗೆದಿಟ್ಟವಳೂ ಅವಳೇ. ನನ್ನ ಸಿಟ್ಟಿಗೆ ವಿಳಾಸ ಸಿಕ್ಕಿತು. ಅವಳು ಆಗಲೇ ಮನೆಗೆ ಹೋಗಿದ್ದಳು, ಅದು ಇನ್ನೊಂದು ಸಿಟ್ಟು. ಲೋಪದ ವರದಿ ಬರೆಯುವ ಪುಸ್ತಕ ತೆರೆದು, 'ಯಾರಿಂದ' ಎಂಬಲ್ಲಿ 'ಶಾಂತವ್ವ' ಎಂದು ಒತ್ತಿ ಬರೆದೆ. ಫ್ರಿಜ್ಜಿನ ಬಾಗಿಲಿನ ಕೆಂಪು ಅಕ್ಷರ ಓದಲು ಬರದವಳನ್ನು ಇಲ್ಲಿಗೆ ಹಾಕಿದವರು ಯಾರು ಎಂದು ಮಲ್ಲಪ್ಪನನ್ನು ಕೇಳಿದೆ. ಅವನು ಚಹಾ ತರಲು ಹೋದ.

ಬೆಂಗಳೂರಿಗೆ ಫೋನ್ ಮಾಡಿದರೆ ಹೊಸ ಶೀಷೆ ಬರಲು ನಾಲ್ಕು ದಿನ. ಸೊಲ್ಲಾಪುರದ ಒಂದು ಪ್ರಯೋಗಾಲಯದವರಲ್ಲಿ ಒಂದಿತ್ತು. ಕೊಡುತ್ತೇವೆ, ಬಂದು ಒಯ್ಯಿರಿ ಅಂದರು. ಒಯ್ಯುವವರು ಯಾರು? ಆಸ್ಪತ್ರೆಯ ಗಾಡಿಗೆ ಅರ್ಜಿ, ಅರ್ಜಿಗೆ ಸಹಿ, ಸಹಿ ಮಾಡುವವರಿಗೆ ರಜೆ. ಬಾಗಿಲ ಹೊರಗೆ ಬಂದು ಈರಪ್ಪನ ಮುಂದೆ ನಿಂತೆ. ಏನು ಹೇಳಬೇಕೆಂದು ತಿಳಿಯದೆ ಸಿಟ್ಟಿನಿಂದಲೇ ಆರಂಭಿಸಿದೆ.

"ನೋಡಪಾ, ನಮ್ಮ ಔಷಧ ಕೆಟ್ಟೈತಿ. ಅದರಾಗ ಬಣ್ಣ ಇರತೈತಿ, ಆ ಬಣ್ಣಕ್ಕ—"

"ಬಿಸಿಲಾಗ ಇಟ್ಟೀರೇನ್ರಿ ಅಕ್ಕಾರ?" ಅಂದ ಅವನು.

ಡಾಕ್ಟರ್ ಮೇಡಂಗೂ ಇದನ್ನು ನಾಲ್ಕು ಸಲ ಹೇಳಬೇಕಾಗಿತ್ತು.

"ನಿನಗ ಹ್ಯಾಂಗ ಗೊತ್ತು?"

"ನಮ್ದು ದ್ರಾಕ್ಷಿ ತ್ವಾಟಲ್ರಿ. ಒಣದ್ರಾಕ್ಷಿ ಮಾಡ್ತೇವಿ. ನೆಳ್ಳಾಗ ಒಣಗಸಿದ್ರ ಹಸರಗಿ ಗಿಣಿ ಹಂಗ ಇರತಾವು. ಒಂದ ದಿನ ಬಿಸಲ ಬಿತ್ತಂದ್ರ ಮುಗೀತು, ಕೆಂಪಗಾಗಿ ಕುಂತಬಿಡತಾವು. ಅದಕ್ಕs ಶೆಡ್ಡಿಗೆ ಸುತ್ತೂ ಕಡಿ ಪರದಾ ಕಟ್ಟಿರತೇವಿ. ನಮ್ಮಾಕಿ ಪರದಾ ಸರಿಸಿದವರ ಕೈ ಮುರೀತಾಳ." ಪಟ್ಟಿ ಕಟ್ಟಿದ ಕೈ ನೋಡಿಕೊಂಡ. "ಕಚ್ಚೂದಷ್ಟs ಅಲ್ರಿ."

ತಿಕೋಟಾದ ತೋಟದವನಿಗೆ ಒಂದು ಉಸಿರಿಗೆ ಅರ್ಥವಾದದ್ದು, ಕಂಪನಿಯವರ ಹನ್ನೆರಡು ಭಾಷೆಯ ಸೂಚನಾ ಹಾಳೆಗೆ ನಮ್ಮಲ್ಲಿ ಯಾರಿಗೂ ಅರ್ಥ ಮಾಡಿಸಲು ಆಗಿರಲಿಲ್ಲ. ಆ ಹಾಳೆಯ ಮೇಲೂ ಸಿಟ್ಟು ಬಂತು. ಸೊಲ್ಲಾಪುರದ ಮಾತು ಹೇಳಿದೆ. ಅವನು ಮಾತು ಮುಗಿಯುವ ಮೊದಲೇ ಎದ್ದ. ದ್ರಾಕ್ಷಿಯ ಬಳ್ಳಿ ಸವರುವ ಕೆಲಸ ಅರ್ಧಕ್ಕೆ ಬಿಟ್ಟು ತನ್ನ ಪಿಕಪ್ ಗಾಡಿಯಲ್ಲೇ ಹೆಂಡತಿಯನ್ನು ಕರೆತಂದಿದ್ದ. ನಾನು ತಂಪಿನ ಡಬ್ಬಿ ಕೊಟ್ಟು, "ಬರ್ಫಕ್ಕ ಹತ್ತಬಾರದು, ಬೆಳಕ ಕಾಣಬಾರದು, ಕುಲುಕಬಾರದು" ಎಂದು ಮೂರು ಸಲ ಹೇಳಿದೆ. "ಒಮ್ಮಿ ಹೇಳಿದ್ರ ತಿಳೀತೈತ್ರಿ ಅಕ್ಕಾರ, ನೀವು ಯಾರಿಗ್ಯರ ಸಿಟ್ಟಾಗೀರಿ ಅದನ್ನ ನನಗ ಕೊಡಬ್ಯಾಡ್ರಿ" ಅಂದ. ಒಳ್ಳೆಯ ಮಾತು. ಅದಕ್ಕೂ ಸಿಟ್ಟು ಬಂತು.

ಹೋದದ್ದು ಒಂದೂವರೆಗೆ. ಇನ್ನೂ ಬೆಳಕಿರುವಾಗಲೇ ವಾಪಸ್ಸು ಬಂದ. ತಲೆಯ ರುಮಾಲು ತಲೆಯ ಮೇಲಿರಲಿಲ್ಲ. ಡಬ್ಬಿಯೊಳಗೆ ಅದೇ ರುಮಾಲಿನಲ್ಲಿ ಶೀಷೆಯನ್ನು ಸುತ್ತಿ, ಬರ್ಫ ತಾಗದಂತೆ ನಡುವೆ ಒಣಹುಲ್ಲು ತುರುಕಿ, ಡಬ್ಬಿಯನ್ನು ಪಕ್ಕದ ಸೀಟಿನಲ್ಲಿ ಕೂರಿಸಿ ಬೆಲ್ಟು ಬಿಗಿದಿದ್ದ. ತಾನು ಬೆಲ್ಟು ಹಾಕಿಕೊಂಡಿರಲಿಲ್ಲ. ದಾರಿಯಲ್ಲಿ ಪೊಲೀಸರು ತಡೆದು ನಿನ್ನ ಬೆಲ್ಟು ಎಲ್ಲಿ ಅಂದರೆ, "ಅದs ನೋಡ್ರಿ, ನಮ್ಮಾಕಿಗಿ ಹಾಕೇನಿ" ಎಂದು ಡಬ್ಬಿ ತೋರಿಸಿದನಂತೆ. ಅವರು ಬಿಟ್ಟರಂತೆ. ಈ ಭಾಗ ನಿಜವೋ ಅವನ ಅಲಂಕಾರವೋ ನನಗೆ ತಿಳಿಯದು. ನನ್ನ ಅಲಂಕಾರವಂತೂ ಅಲ್ಲ.

ಮೊದಲು ನನ್ನ ರಕ್ತ ಹಾಕಿದೆ. ಈ ಸಲ ನಿಯಮದ ಪ್ರಕಾರ. ಮೂಲೆಯಲ್ಲಿ ಪುಟ್ಟ ಮೋಡ ಎದ್ದಿತು. ಇದ್ದಾರೆ, ಎಲ್ಲರೂ ಇದ್ದಾರೆ. ಮಲ್ಲಪ್ಪನೂ ಬದುಕಿದ. ಆಮೇಲೆ ಗಂಗವ್ವನ ಮಜ್ಜೆ. ನಾನು ನೋಡುತ್ತಿದ್ದ ಹಾಗೆ ಅದೇ ಮೂಲೆಯಲ್ಲಿ ಚುಕ್ಕಿಗಳು ಒಂದು, ಹತ್ತು, ನೂರು, ಗುಂಪುಗುಂಪಾಗಿ ಬಂದು ಬಿದ್ದವು. ಎರಡನೆಯ ಕುಲ. ಔಷಧಿ ಇರುವ ಕುಲ, ದಾರಿ ಗೊತ್ತಿರುವ ಕುಲ. ರೋಗದ ಮೋಡ ನೋಡಿ ಸಂತೋಷಪಡುವ ವಿಚಿತ್ರ ಉದ್ಯೋಗ ನಮ್ಮದು. ಡಾಕ್ಟರ್ ಮೇಡಂಗೆ ಫೋನಿನಲ್ಲಿ ಹೇಳಿ, ನಾನೇ ವಾರ್ಡಿಗೆ ಹೋದೆ. ಗಂಗವ್ವ ಮಗ್ಗುಲಾಗಿ ಮಲಗಿ ನನ್ನನ್ನು ದುರುಗುಟ್ಟಿ ನೋಡಿದಳು.

"ಇನ್ನೊಮ್ಮಿ ಚುಚ್ಚಾಕ ಬಂದೀರೇನ್ರಿ?"

"ಇಲ್ಲವ್ವಾ. ಮೊದಲ ತಗೊಂಡಿದ್ದs ಸಾಕಾತು."

"ಹಂಗಂತ ಮುಂಜಾನೆ ಹೇಳಾಕ ಏನಾಗಿತ್ತು? ದಿನಾ ಪೂರ್ತಿ ಅಂಜಿ ಸತ್ತೇನಿ" ಎಂದು ಬೈದಳು. ಆಮೇಲೆ ಗಂಡನ ಕಡೆ ಹೊರಳಿ, "ನಿನ್ನ ರುಮಾಲೆಲ್ಲಿ?" ಎಂದು ಅವನನ್ನೂ ಬೈದಳು. ಸಿಟ್ಟಿನ ವಿಷಯದಲ್ಲಿ ನನ್ನ ಗುರು ಸಿಕ್ಕಿದಳು ಎಂದುಕೊಂಡೆ.

ಇಲ್ಲಿಗೆ ಮುಗಿಸಿದ್ದರೆ ಎಷ್ಟು ಚೆನ್ನಾಗಿತ್ತು. ಚಹಾದ ಅಂಗಡಿಯಲ್ಲಿ ಇಲ್ಲಿಗೇ ಮುಗಿಸಿದ್ದೆ.

ಮರುದಿನ ಬೆಳಿಗ್ಗೆ ಎಂಟಕ್ಕೆ, ಶಾಂತವ್ವ ನೆಲ ಒರೆಸುತ್ತಿದ್ದಳು. ನಾನು ಕುಂಕುಮದ ಶೀಷೆ ಹಿಡಿದು ಅವಳ ಮುಂದೆ ನಿಂತೆ. ಇಡೀ ರಾತ್ರಿ ಹದ ಮಾಡಿದ ಮಾತುಗಳು, ಒಂದೂ ಬಿಡಲಿಲ್ಲ. ಬುದ್ಧಿ ಐತೇನು, ಬಾಗಿಲಿನ ಮೇಲೆ ಬರದದ್ದು ಕಾಣೂದಿಲ್ಲೇನು, ಒಂದು ಜೀವ ಹೋಗತಿತ್ತು, ಪೂಜಿ ಮಾಡಾಕ ಇದೇನ ಕುಡಗೋಲೇನು. ಅವಳು ಕೆಲಸ ನಿಲ್ಲಿಸಿ ಪೂರ್ತಿ ಕೇಳಿದಳು. ಮಲ್ಲಪ್ಪ ಬಾಗಿಲಲ್ಲಿ ನಿಂತಿದ್ದ.

"ಬಾಯಾರ, ಕುಂಕುಮ ಹಚ್ಚಿದ್ದು ನಾ ಅಲ್ರಿ" ಅಂದಳು.

"ಮತ್ತ್ಯಾರು? ನಾ ನನ್ನ ಕಣ್ಣಿಲೆ ನೋಡೇನಿ. ಬೊಟ್ಟ ಇಡೂದು ನೋಡೇನಿ, ಬಳಿ ಸಪ್ಪಳಾ ಕೇಳೇನಿ."

ಶಾಂತವ್ವ ಒರೆಸುವ ಅರಿವೆಯನ್ನು ಹಿಂಡಿ ಬಕೆಟ್ಟಿನ ಅಂಚಿಗೆ ಹಾಕಿದಳು. ಎರಡೂ ಕೈಯನ್ನು ಸೀರೆಗೆ ಒರೆಸಿಕೊಂಡಳು. ಮೊಳಕೈಯ ತನಕ ಬರಿ ಕೈ.

"ನಾ ಕುಂಕುಮ ಮುಟ್ಟಿ ಹನ್ನೊಂದ ವರ್ಷ ಆತ್ರಿ ಬಾಯಾರ. ನಮ್ಮ ಮನಿಯವರು ಹೋದಾಗಿಂದ."

ನಾನು ಬಾಗಿಲ ಕಡೆ ನೋಡಿದೆ. ಮಲ್ಲಪ್ಪ ಬಾಗಿಲಲ್ಲಿ ಇರಲಿಲ್ಲ.

"ಅವತ್ತ ನೀವs ಅಂದ್ರಿ, ಒಂದೂ ಸಾಮಾನ ಬಿಡಬ್ಯಾಡ, ಹ್ವಾದ ವರ್ಷ ಅಕಿ ಅಂದಿದ್ದು ನನಗ ಮರ್ತಿಲ್ಲ ಅಂತ. ಆ ಬಾಟ್ಲಿ ನೀವs ತಗದ್ರಿ. ತೆಗಿಬಾರದಂತೀರಲ್ರಿ ಅಂತ ನಾ ಕೇಳಿದೆ. ನಮ್ಮ ಖರೇ ಖಂಡೆ ಅಂದ್ರ ಇದ, ಒಂದ ತಾಸ ಇಟ್ರ ಏನಾಗೂದಿಲ್ಲ ಅಂದ್ರಿ. ಬಾ, ನೀನೂ ಬೊಟ್ಟಿಡು ಅಂತ ಕರದ್ರಿ. ನಾ ಹಿಂದಕ್ಕ ಸರದೆ. ನಿಮಗ ಗದ್ದಲದಾಗ ಕಾಣಲಿಲ್ಲ. ಬೆಳ್ಳಿ ಕಾಗದಕ್ಕ ಕುಂಕುಮ ಹತ್ತವಲ್ಲದು ಅಂತ ನೀವs ಅದನ್ನ ಬಿಚ್ಚಿ ಹಚ್ಚಿದ್ರಿ. ಹಬ್ಬ ಮುಗದ ಮ್ಯಾಲ ನಾ ಮತ್ತ ಕಾಗದ ಸುತ್ತಿ ಒಳಗಿಟ್ಟೆ. ಸುತ್ತಿದ್ದು ತಪ್ಪಾಗಿದ್ರ ಹೇಳ್ರಿ."

ಹನ್ನೊಂದು ವರ್ಷದಿಂದ ನಾನು ದಿನಾ ಬೆಳಿಗ್ಗೆ ನೋಡುತ್ತಿರುವ ಕೈಗಳು. ಕಣದ ಮೈಮೇಲಿನ ಗುರುತು ಹುಡುಕುವುದೇ ನನ್ನ ಉದ್ಯೋಗ. ನನ್ನ ನೆನಪಿನಲ್ಲಿದ್ದ ಕೈಯನ್ನು ಮತ್ತೆ ಕಣ್ಣ ಮುಂದೆ ತಂದೆ. ಬೆರಳಿತ್ತು, ಕುಂಕುಮವಿತ್ತು, ಬಳೆಗಳ ಸದ್ದಿತ್ತು, ಬಳೆಗಳು ಹಸಿರಾಗಿದ್ದವು. ಶೀಷೆಯನ್ನು ಮೇಜಿನ ಮೇಲೆ ಇಟ್ಟಾಗ ನನ್ನ ಕೈಯಿಂದ ಅದೇ ಸದ್ದು ಈಗಲೂ ಆಯಿತು. ಜೊತೆಗೆ ಇನ್ನೊಂದು ನೆನಪು ಎದ್ದು ಬಂತು, ಯಾರೂ ಕರೆಯದಿದ್ದರೂ. ಕಳೆದ ವರ್ಷ ಪಕ್ಕದ ವಿಭಾಗದವಳು ಬೋಳು ಹಣೆಯ ಮಾತಾಡಿದಾಗ ಬಾಗಿಲಲ್ಲಿ ಎಲ್ಲರೂ ನಕ್ಕರು ಎಂದೆನಲ್ಲ. ಆ ಬಾಗಿಲಲ್ಲಿ ಬಕೆಟ್ಟು ಹಿಡಿದು ಶಾಂತವ್ವನೂ ನಿಂತಿದ್ದಳು. ಅವಳು ನಕ್ಕಿರಲಾರಳು. ನಾನು ಆ ಮಾತನ್ನು ಒಂದು ವರ್ಷ ಯಂತ್ರದ ಪರವಾಗಿ ಹಲ್ಲಿನಲ್ಲಿಟ್ಟುಕೊಂಡಿದ್ದೆ.

ತಪ್ಪಾಯಿತು ಅನ್ನಬೇಕು. ಎರಡೇ ಪದ, "ತಪ್ಪಾತ ಶಾಂತವ್ವಾ." ಬಾಯಿ ತೆರೆದೆ. ಬಂದದ್ದು, "ಆ ನೀರ ಬದಲಾಸು, ಕರ್ರಗಾಗೈತಿ."

"ಹೂಂನ್ರಿ" ಎಂದು ಅವಳು ಬಕೆಟ್ಟು ಎತ್ತಿಕೊಂಡು ಹೋದಳು.

ಲೋಪದ ಪುಸ್ತಕ ತೆರೆದು ಶಾಂತವ್ವನ ಹೆಸರು ಹೊಡೆದುಹಾಕಿ, ನನ್ನ ಹೆಸರನ್ನು ಆದಷ್ಟು ಸಣ್ಣ ಅಕ್ಷರದಲ್ಲಿ ಬರೆದೆ. ಆದರೆ ಹಿಂದಿನ ದಿನ ಸಿಟ್ಟಿನಲ್ಲಿ ಎಷ್ಟು ಒತ್ತಿ ಬರೆದಿದ್ದೆನೆಂದರೆ ಅವಳ ಹೆಸರಿನ ಗೀರು ಕೆಳಗಿನ ಮೂರು ಹಾಳೆಗಳಿಗೂ ಇಳಿದಿದೆ. ಮುಂದೆ ಯಾರ ತಪ್ಪು ಬರೆಯಲು ಹೋದರೂ ಮಸಿಯಿಲ್ಲದ ಶಾಂತವ್ವ ಮೊದಲೇ ಅಲ್ಲಿ ಕೂತಿರುತ್ತಾಳೆ. ಮನೆಗೆ ಬಂದು ಬಳೆ ತೆಗೆದಿಟ್ಟೆ; ಕೆಲಸದ ದಿನ ಹಾಕುವುದಿಲ್ಲ ಅಂದೆ. ಅತ್ತೆ ಬಳೆಗಳನ್ನೂ ನನ್ನನ್ನೂ ಹೊರಳಿ ಹೊರಳಿ ನೋಡಿ, "ಹಬ್ಬ ಮುಗದು ಎಂಟ ದಿನಾನೂ ಆಗಿಲ್ಲ, ಯಾರ ಮ್ಯಾಲಿನ ಸಿಟ್ಟಬೇ ಇದು?" ಅಂದರು. ನಿಯಮ ಐತ್ರಿ ಅಂದೆ. ನಿಯಮ ಇಪ್ಪತ್ತೆರಡು ವರ್ಷದಿಂದ ಇತ್ತು ಎಂದು ಅವರಿಗೂ ಗೊತ್ತು.

ಇದು ನಾನು ಈ ಕಥೆಯನ್ನು ನಾಲ್ಕನೆಯ ಸಲ ಹೇಳುತ್ತಿರುವುದು. ಇದರಲ್ಲೂ ಶಾಂತವ್ವನಿಗೆ ಆ ಎರಡು ಪದ ಹೇಳಿದ ಸಾಲು ಇಲ್ಲ. ಬರೆಯಲು ಮರೆತದ್ದಲ್ಲ. ದಿನಾ ಬೆಳಿಗ್ಗೆ ಎಂಟಕ್ಕೆ ಅವಳು ಬರುತ್ತಾಳೆ, ನಾನು ಅವಳ ಹಿಂದೆಯೇ ಹೋಗಿ ಮೂಲೆಮೂಲೆ ನೋಡುತ್ತೇನೆ. ಈ ನಡುವೆ ಅವಳು ನೆಲವನ್ನು ಎಷ್ಟು ಚೆನ್ನಾಗಿ ಒರೆಸುತ್ತಿದ್ದಾಳೆಂದರೆ ನನಗೆ ಹೆದರಿಕೆಯಾಗುತ್ತಿದೆ. ಬೈಯಲು ಒಂದು ಕಸವೂ ಸಿಗದ ದಿನ ಹೇಳಲೇಬೇಕಾಗುತ್ತದೆ.